ನಂದಿ ಬೆಟ್ಟದ ಕಡೆ ಕಂಡ ಬೆಳಕು: ನಿವೃತ್ತ ಏರ್ ಟ್ರಾಫಿಕ್ ಕಂಟ್ರೋಲರ್ ಉತ್ತರಿಸಿದ್ದಾರೆ

ಪ್ರಶ್ನೆ (ದ್ರಾಕ್ಷಿ ಬೆಳೆಗಾರ, ನಂದಿ ಹೋಬಳಿ): ನಮಸ್ಕಾರ ಸಾರ್. ನಮಗೆ ತ್ರೀಫೇಸ್ ಕರೆಂಟ್ ಕೊಡೋದೇ ರಾತ್ರಿ. ಹೋದ ವಾರ ಮೋಟಾರ್ ಹಾಕೋಕೆ ತೋಟಕ್ಕೆ ಹೋಗಿದ್ದೆ. ಚಳಿ, ಮೂಡಣ ಗಾಳಿ ಬೇರೆ. ಚಪ್ಪರದಿಂದ ಈಚೆ ಬಂದು ನೋಡ್ತೀನಿ, ಗುಡಿಬಂಡೆ ದಿಕ್ಕಲ್ಲಿ ದೊಡ್ಡ ಬಿಳಿ ಬೆಳಕು ಇದ್ದಕ್ಕಿದ್ದಂಗೆ ಹತ್ತಿಕೊಂತು. ಮೂರ್ನಾಲ್ಕು ನಿಮಿಷ ನಿಂತ ಜಾಗದಲ್ಲೇ ಇತ್ತು, ಸದ್ದೇ ಇಲ್ಲ. ಆಮೇಲೆ ಬೆಳಕು ಹೋಗಿ, ಒಂದು ಕೆಂಪು ಚುಕ್ಕೆ ಮಾತ್ರ ದೊಡ್ಡಬಳ್ಳಾಪುರದ ಕಡೆ ಸರೀತು. ಇಂಫಾಲ್‌ನಲ್ಲಿ ಗುರುತು ಸಿಗದ ಏನೋ ಹಾರ್ತಿದೆ ಅಂತ ವಿಮಾನ ನಿಲ್ಲಿಸಿದ್ರಲ್ಲ, ಅಂಥದ್ದೇ ಅಂತಾನೆ ಮಗ. ಯಾರಿಗಾದ್ರೂ ಹೇಳಬೇಕಿತ್ತಾ?

ಉತ್ತರ: ಅಣ್ಣಾ, ದಿಕ್ಕು, ಹೊತ್ತು, ಬಣ್ಣ, ಗಾಳಿ ಎಲ್ಲಾ ಹೇಳಿದ್ದೀರಿ. ಎಷ್ಟೋ ಪೈಲಟ್‌ಗಳೂ ಇಷ್ಟು ಚೆನ್ನಾಗಿ ವರದಿ ಕೊಡಲ್ಲ.

ನನ್ನ ಲೆಕ್ಕದಲ್ಲಿ ಅದು ಹೈದರಾಬಾದ್ ಅಥವಾ ದೆಹಲಿ ಕಡೆಯಿಂದ ಇಳೀತಿದ್ದ ವಿಮಾನ. ಸುಮಾರು 10,000 ಅಡಿಗೆ ಇಳಿದಾಗ ಪೈಲಟ್ ಲ್ಯಾಂಡಿಂಗ್ ಲೈಟ್ ಹಾಕ್ತಾರೆ, ಅದಕ್ಕೇ ಇದ್ದಕ್ಕಿದ್ದಂಗೆ ಹತ್ತಿಕೊಂಡಂತೆ ಕಂಡಿದ್ದು. ನೇರ ನಿಮ್ಮ ಕಡೆಗೇ ಬರ್ತಿರೋ ವಿಮಾನ ಅಲುಗಾಡಿದಂತೆ ಕಾಣೋದಿಲ್ಲ. ಅಷ್ಟು ದೂರದಿಂದ ಸದ್ದೂ ಕೇಳಲ್ಲ.

ಇನ್ನು ಆ ಕೆಂಪು ಚುಕ್ಕೆ. ವಿಮಾನದ ಎಡ ರೆಕ್ಕೆಯಲ್ಲಿ ಕೆಂಪು ದೀಪ, ಬಲ ರೆಕ್ಕೆಯಲ್ಲಿ ಹಸಿರು ದೀಪ ಇರುತ್ತೆ. ವಿಮಾನ ಇಳಿಯೋದು ಗಾಳಿಗೆ ಎದುರಾಗಿ. ದೇವನಹಳ್ಳಿಯ ಎರಡೂ ರನ್‌ವೇ ಪೂರ್ವ-ಪಶ್ಚಿಮವಾಗಿವೆ. ಮೂಡಣ ಗಾಳಿ ಇದ್ದಾಗ ಉತ್ತರದಿಂದ ಬಂದ ವಿಮಾನ ಪಶ್ಚಿಮಕ್ಕೆ ಹೋಗಿ, ಅಲ್ಲಿಂದ ತಿರುಗಿ ಬಂದು ಇಳಿಯುತ್ತೆ. ಪಶ್ಚಿಮಕ್ಕೆ ಹೊರಳಿದಾಗ ಮುಂದಿನ ಲೈಟು ನಿಮ್ಮಿಂದ ಆಚೆ ಹೋಯ್ತು, ಎಡ ರೆಕ್ಕೆ ನಿಮ್ಮ ಕಡೆ ಬಂತು. ಮುಂಗಾರಲ್ಲಿ ಪಡುವಣ ಗಾಳಿ ಬೀಸೋವಾಗ, ಮೋಡ ಇಲ್ಲದ ದಿನ ನೋಡಿ, ಹಸಿರು ಕಾಣಬಹುದು.

ಪ್ರಶ್ನೆ (ಹೈಸ್ಕೂಲ್ ವಿಜ್ಞಾನ ಮೇಷ್ಟ್ರು, ಶಿಡ್ಲಘಟ್ಟ): ಹಾಗಾದ್ರೆ ಇಂಫಾಲ್‌ನಲ್ಲಿ ಕಂಡಿದ್ದೇನು ಸರ್? ರಾಡಾರ್ ಇರುವಾಗ ಗೊತ್ತಾಗಲ್ವಾ?

ಉತ್ತರ: ಮೇಷ್ಟ್ರೇ, 2023ರ ನವೆಂಬರ್ 19ರಂದು ಇಂಫಾಲ್‌ನಲ್ಲಿ ಸುಮಾರು ಮೂರು ಗಂಟೆ ವಿಮಾನ ಸಂಚಾರ ನಿಂತಿತ್ತು. ವಾಯುಪಡೆಯ ರಫೇಲ್‌ಗಳು ಹೋಗಿ ಹುಡುಕಿದರೂ ಏನೂ ಸಿಗಲಿಲ್ಲ. ಲಂಡನ್ ಹತ್ತಿರದ ಗ್ಯಾಟ್‌ವಿಕ್‌ನಲ್ಲಿ 2018ರ ಡಿಸೆಂಬರ್‌ನಲ್ಲಿ ಡ್ರೋನ್ ಕಂಡಿತೆಂದು ಸುಮಾರು 1,000 ವಿಮಾನಗಳಿಗೆ, 1.4 ಲಕ್ಷ ಪ್ರಯಾಣಿಕರಿಗೆ ತೊಂದರೆಯಾಯ್ತು. ಆ ಡ್ರೋನೂ ಸಿಗಲಿಲ್ಲ.

ನಾವು ಪರದೆ ಮೇಲೆ ನೋಡೋ ವಿಮಾನಗಳು ಬಹುಪಾಲು ತಮ್ಮಲ್ಲಿರೋ ಟ್ರಾನ್ಸ್‌ಪಾಂಡರ್ ಅನ್ನೋ ರೇಡಿಯೋ ಸಾಧನದಿಂದ ತಾವೇ ಗುರುತು ಹೇಳಿಕೊಳ್ಳುತ್ತವೆ. ಪ್ಲಾಸ್ಟಿಕ್ ಡ್ರೋನ್, ಬಲೂನ್ ಹೇಳಿಕೊಳ್ಳಲ್ಲ. ಬರೀ ಪ್ರತಿಧ್ವನಿ ಹಿಡಿಯೋ ರಾಡಾರ್ ಇದೆ, ಆದರೆ ಅದು ಹಕ್ಕಿ, ಮರಗಳ ಗದ್ದಲ ತೆಗೆಯೋಕೆ ನಿಧಾನವಾಗಿ ಚಲಿಸುವ ಸಣ್ಣ ವಸ್ತುಗಳನ್ನೂ ಸೋಸಿಬಿಡುತ್ತೆ.

ನಾನು ಡ್ಯೂಟಿಯಲ್ಲಿದ್ದಾಗ ಒಮ್ಮೆ ಇಳೀತಿದ್ದ ಪೈಲಟ್ ಹೇಳಿದರು: ಎಡಗಡೆ ಕಪ್ಪಗೆ ಏನೋ ಹಾದುಹೋಯ್ತು. ಪರದೆ ಖಾಲಿ. ಹಿಂದೆ ಬರ್ತಿದ್ದವರನ್ನೆಲ್ಲ ಆಕಾಶದಲ್ಲೇ ಸುತ್ತು ಹಾಕಿಸಿದೆ. ಕೊನೆಗೆ ಬೇಲಿಯಾಚೆ ಸಿಕ್ಕಿದ್ದು ಬರ್ತ್‌ಡೇಯ ಗ್ಯಾಸ್ ಬಲೂನಿನ ಗೊಂಚಲು, ದಾರಕ್ಕೆ ಇನ್ನೂ ಹೆಸರಿನ ಚೀಟಿ ಅಂಟಿತ್ತು. ನಿಲ್ಲಿಸಿದ್ದಕ್ಕೆ ಇವತ್ತಿಗೂ ನನಗೆ ಪಶ್ಚಾತ್ತಾಪವಿಲ್ಲ. ನೂರೆಂಬತ್ತು ಜನ ಕೂತಿರ್ತಾರೆ, ‘ಇರಲಿಕ್ಕಿಲ್ಲ’ ಅಂತ ಬಿಡೋಕಾಗಲ್ಲ.

ಪ್ರಶ್ನೆ (ಮದುವೆ ಫೋಟೋಗ್ರಾಫರ್, ಚಿಕ್ಕಬಳ್ಳಾಪುರ): ಸರ್, ರೆಸಾರ್ಟ್ ಮದುವೆಗಳಲ್ಲಿ ಡ್ರೋನ್ ಹಾರಿಸ್ತೀವಿ. ಎಲ್ಲಿವರೆಗೆ ಸರಿ?

ಉತ್ತರ: ಡ್ರೋನ್ ಎಲ್ಲಿ ಹಾರಿಸಬಹುದು ಅಂತ ತೋರಿಸೋ ಸರ್ಕಾರದ ಆನ್‌ಲೈನ್ ನಕ್ಷೆ ‘ಡಿಜಿಟಲ್ ಸ್ಕೈ’ ನೋಡದೆ ಬ್ಯಾಟರಿ ಹಾಕಲೇಬೇಡಿ ತಮ್ಮಾ. 2021ರ ಡ್ರೋನ್ ನಿಯಮದ ಪ್ರಕಾರ ಕೆಂಪು ವಲಯಕ್ಕೆ ಕೇಂದ್ರ ಸರ್ಕಾರದ ಅನುಮತಿ ಬೇಕು. ಏರ್‌ಪೋರ್ಟ್ ಗಡಿಯಿಂದ 8ರಿಂದ 12 ಕಿಲೋಮೀಟರ್ ನಡುವಿನ ಜಾಗದಲ್ಲಿ 200 ಅಡಿ ಎತ್ತರ ದಾಟಿದರೆ ಹಳದಿ ವಲಯ, ಅಲ್ಲಿ ಕಂಟ್ರೋಲರ್ ಅನುಮತಿ ಬೇಕು. ಪಾರ್ಟಿಯವರು ಆಕಾಶದೀಪ ಬಿಡ್ತೀವಿ ಅಂದ್ರೆ ದಯವಿಟ್ಟು ಬೇಡ ಅನ್ನಿ. ಅದು ಗಾಳಿ ಒಯ್ದ ಕಡೆ ಹೋಗುತ್ತೆ.

ಮೊದಲ ಪ್ರಶ್ನೆ ಕೇಳಿದವರು: ಸಾರ್, ನಿನ್ನೆ ಮಗನನ್ನೂ ಕರ್ಕೊಂಡು ಹೋಗಿದ್ದೆ. ಬೆಳಕು ಹತ್ತಿದ ತಕ್ಷಣ ಫೋನಲ್ಲಿ ವಿಮಾನದ ಆ್ಯಪ್ ತೆಗೆದ. ಹೈದರಾಬಾದಿಂದೇ, ನೀವು ಹೇಳಿದಂಗೇ ಹೊರಳ್ತು. ಆದ್ರೆ ಆಮೇಲೆ ಬೆಟ್ಟದ ಪಕ್ಕ ಇನ್ನೊಂದು ಬಂತು, ಕೆಳಗೇ ಇತ್ತು, ಆ್ಯಪ್‌ನಲ್ಲಿ ಇಲ್ಲ. ಟೈಮ್ 9:47, ಬರೆದಿಟ್ಟಿದೀನಿ.

ಉತ್ತರ: ಕೆಳಗೇ ಇತ್ತು ಅಂದ್ರೆ ಯಾರೋ ಡ್ರೋನ್ ಹಾರಿಸಿರಬಹುದು ಅಣ್ಣಾ. ಮತ್ತೆ ಕಂಡರೆ ಅಲ್ಲಿಂದಲೇ 112ಕ್ಕೆ ಫೋನ್ ಮಾಡಿ, ಇದೇ ಥರ ದಿಕ್ಕು, ಹೊತ್ತು ಹೇಳಿ.