ನಮ್ಮ ಹೋಟೆಲ್‌ಗೆ ದೊಡ್ಡ ಚೈನ್‌ನ ಬೋರ್ಡ್ ಹಾಕಿಸಬೇಕಾ? ಅನುಭವ ಇರುವವರು ಹೇಳಿ

ಶಿವಮೊಗ್ಗದಿಂದ ಪ್ರಶ್ನೆ:

ನಮಸ್ಕಾರ. ಶಿವಮೊಗ್ಗದಲ್ಲಿ ನಮ್ಮದು 40 ರೂಮಿನ ಹೋಟೆಲ್ ಇದೆ. ಅಪ್ಪ ಕಟ್ಟಿಸಿದ್ದು. ಈಗ ನಾನು, ನನ್ನ ತಮ್ಮ ನೋಡಿಕೊಳ್ಳುತ್ತಿದ್ದೇವೆ. ಜೋಗ, ಆಗುಂಬೆ ಕಡೆ ಹೋಗುವವರು, ಮದುವೆ ಪಾರ್ಟಿಗಳು, ಮೆಡಿಕಲ್ ರೆಪ್‌ಗಳು ನಮ್ಮ ಗಿರಾಕಿಗಳು. 2023ರಲ್ಲಿ ಇಲ್ಲಿ ವಿಮಾನ ನಿಲ್ದಾಣ ಆದ ಮೇಲೆ ಕಂಪನಿ ಕೆಲಸಕ್ಕೆ ಬರುವವರೂ ಸ್ವಲ್ಪ ಇದ್ದಾರೆ. ಈಚೆಗೆ ಒಂದು ದೊಡ್ಡ ಹೋಟೆಲ್ ಚೈನ್‌ನವರು ಬಂದು ಫ್ರಾಂಚೈಸಿ ತಗೊಳ್ಳಿ ಎಂದರು. ರೂಮಿನ ಆದಾಯದ ಮೇಲೆ ಎಲ್ಲ ಸೇರಿ ಸುಮಾರು 8% ಫೀ, ಅಗ್ರಿಮೆಂಟ್ 15 ವರ್ಷಕ್ಕೆ. ತಮ್ಮನಿಗೆ ಬಹಳ ಆಸೆ, ಅಪ್ಪನಿಗೆ ಸುತರಾಂ ಇಷ್ಟವಿಲ್ಲ. ಇದರಲ್ಲಿ ಇದ್ದವರು, ಇದ್ದು ಹೊರಗೆ ಬಂದವರು ದಯವಿಟ್ಟು ಹೇಳಿ.

ಹುಬ್ಬಳ್ಳಿಯಿಂದ ಉತ್ತರ:

ನಮ್ಮ ಹೋಟೆಲ್ ಮೇಲೆ ಹಲವು ವರ್ಷ ಒಂದು ಚೈನ್‌ನ ಬೋರ್ಡ್ ಇತ್ತು. ಈಗ ಇಲ್ಲ. ಹಾಗಂತ ನಿಮಗೆ ಬೇಡ ಎನ್ನುವುದಿಲ್ಲ. ಲೆಕ್ಕ ಹಾಕಿ, ಕಾಗದ ಓದಿ, ಆಮೇಲೆ ತೀರ್ಮಾನ ಮಾಡಿ.

ಫ್ರಾಂಚೈಸಿಯಲ್ಲಿ ಹೆಸರು, ಬುಕಿಂಗ್ ಸಾಫ್ಟ್‌ವೇರ್, ಮೆಂಬರ್‌ಶಿಪ್ ಪಾಯಿಂಟ್, ಹೋಟೆಲ್ ಹೇಗಿರಬೇಕು ಎಂಬ ನಿಯಮ ಅವರದ್ದು. ಕಟ್ಟಡ, ಸಾಲ, ಹುಡುಗರ ಸಂಬಳ, ಕರೆಂಟ್ ಬಿಲ್ ನಿಮ್ಮದು. ಮ್ಯಾನೇಜ್‌ಮೆಂಟ್ ಕಾಂಟ್ರಾಕ್ಟ್ ಬೇರೆ. ಅದರಲ್ಲಿ ಜನರಲ್ ಮ್ಯಾನೇಜರ್ ಅವರ ಕಡೆಯವರು, ದಿನನಿತ್ಯದ ಆಡಳಿತ ಅವರ ಕೈಯಲ್ಲಿ, ನಷ್ಟವಾದರೆ ಮಾತ್ರ ಅದೂ ನಿಮ್ಮದೇ. ಬಂದವರು ಮಾತಿನಲ್ಲಿ ಎರಡಕ್ಕೂ ‘ಟೈ-ಅಪ್’ ಎಂದೇ ಹೇಳುತ್ತಾರೆ. ಯಾವುದು ಎಂದು ಬಿಡಿಸಿ ಕೇಳಿ.

8% ಎದುರಿಗೆ ಕಾಣುವ ಖರ್ಚು. ಅದಕ್ಕೂ ಮೊದಲು ಬರುವುದು ಪಿಐಪಿ, ಅಂದರೆ ಪ್ರಾಪರ್ಟಿ ಇಂಪ್ರೂವ್‌ಮೆಂಟ್ ಪ್ಲಾನ್. ಅವರ ಇಂಜಿನಿಯರ್ ಬಂದು ಒಂದೊಂದು ರೂಮಿಗೂ ಕಾಲಿಟ್ಟು ಪಟ್ಟಿ ಮಾಡುತ್ತಾರೆ. ನಮಗೆ ಕೊಟ್ಟ ಪಟ್ಟಿಯಲ್ಲಿ ಬಾಗಿಲಿಗೆಲ್ಲ ಕಾರ್ಡ್ ಲಾಕ್, ಇಷ್ಟೇ ದಪ್ಪದ ಹಾಸಿಗೆ, ಒಂಚೂರೂ ಬೆಳಕು ಬಿಡದ ಕರ್ಟನ್, ಶವರ್‌ನಲ್ಲಿ ನೀರು ಜೋರಾಗಿ ಬರಲು ಪ್ರೆಶರ್ ಪಂಪ್, ಬಚ್ಚಲಿನಲ್ಲಿ ಗಾಜಿನ ಪಾರ್ಟಿಷನ್ ಎಲ್ಲ ಇತ್ತು. ಬಕೆಟ್, ಮಗ್ ತೆಗೆಯಿರಿ ಎಂದೂ ಇತ್ತು. ಇದಕ್ಕೆ ಜಗಳವೇ ಆಯಿತು. ನಮ್ಮ ಕಡೆ ಬಕೆಟ್ ಇಲ್ಲದಿದ್ದರೆ ಬೆಳಗ್ಗೆ ಆರಕ್ಕೇ ರಿಸೆಪ್ಷನ್‌ಗೆ ಫೋನ್ ಬರುತ್ತದೆ. ಕೊನೆಗೆ ಬಕೆಟ್ ಉಳಿಯಿತು, ಗಾಜನ್ನೂ ಹಾಕಿಸಿದೆವು. ಈ ಪಟ್ಟಿ ಸಹಿಗೆ ಮೊದಲೇ ಕೈಗೆ ಬರಬೇಕು. ಪ್ರತಿ ಸಾಲಿಗೂ ಕೊಟೇಷನ್ ತಗೊಳ್ಳಿ. ಯಾವುದು ಬೋರ್ಡ್ ಹಾಕುವ ಮೊದಲೇ ಆಗಬೇಕು, ಯಾವುದಕ್ಕೆ ಎರಡು ವರ್ಷ ಸಮಯ ಕೊಡುತ್ತಾರೆ ಎಂದು ಬರೆಸಿಕೊಳ್ಳಿ. ಹೇಳಿದರೆ ಸಮಯ ಕೊಡುತ್ತಾರೆ.

ಇನ್ನೊಂದು ವಿಷಯ ನನಗೆ ಇವತ್ತಿಗೂ ಸಂಕಟ ಕೊಡುತ್ತದೆ. ನಮ್ಮ ಊರಿನಲ್ಲಿ ಅದೇ ಬ್ರ್ಯಾಂಡ್ ಬೇರೆಯವರಿಗೆ ಕೊಡುವುದಿಲ್ಲ ಎಂದು ಷರತ್ತು ಇತ್ತು. ಕೊಡಲಿಲ್ಲ ನಿಜ. ಆದರೆ ಅದೇ ಕಂಪನಿಯ ಇನ್ನೊಂದು ಬ್ರ್ಯಾಂಡ್ ನಮ್ಮಿಂದ ಹತ್ತು ನಿಮಿಷದ ದಾರಿಯಲ್ಲಿ ಬಂತು. ವೆಬ್‌ಸೈಟ್ ಒಂದೇ, ಪಾಯಿಂಟ್ ಒಂದೇ. ನಮಗೆ ಬರುತ್ತಿದ್ದ ಕಂಪನಿ ಗಿರಾಕಿಗಳು ಅರ್ಧಕ್ಕರ್ಧ ಆ ಕಡೆ ಹೋದರು. ಈಗ ಒಂದೊಂದು ಗ್ರೂಪ್ ಕೈಯಲ್ಲೂ ಹತ್ತಾರು ಬ್ರ್ಯಾಂಡ್ ಇರುತ್ತವೆ. ಹಾಗಾಗಿ ‘ಈ ಬ್ರ್ಯಾಂಡ್’ ಎಂದು ಬರೆದರೆ ಸಾಲದು. ‘ಈ ಗ್ರೂಪಿನ ಇದೇ ದರ್ಜೆಯ ಯಾವ ಬ್ರ್ಯಾಂಡೂ’ ಎಂದು ಇರಲಿ. ಎಷ್ಟು ಕಿಲೋಮೀಟರ್, ಎಷ್ಟು ವರ್ಷ ಎಂಬುದೂ ಇರಲಿ.

ಬೆಂಗಳೂರಿನಿಂದ, ಚಾರ್ಟರ್ಡ್ ಅಕೌಂಟೆಂಟ್:

ನಾನು ಕೆಲವು ಹೋಟೆಲ್‌ಗಳ ಲೆಕ್ಕ ನೋಡುತ್ತೇನೆ. ನಿಮ್ಮ ಅಂಕಿಯನ್ನೇ ಇಟ್ಟು ಒಂದು ಲೆಕ್ಕ ಕೊಡುತ್ತೇನೆ. ರೂಮು 40, ವರ್ಷಕ್ಕೆ 60% ತುಂಬುತ್ತದೆ, ಸರಾಸರಿ ಬಾಡಿಗೆ ₹3,000 ಎಂದಿಟ್ಟುಕೊಳ್ಳಿ. ವರ್ಷಕ್ಕೆ 8,760 ರೂಮ್ ನೈಟ್ (ಒಂದು ರೂಮು ಒಂದು ರಾತ್ರಿಗೆ ಹೋದರೆ ಒಂದು ರೂಮ್ ನೈಟ್), ಆದಾಯ ಸುಮಾರು ₹2.63 ಕೋಟಿ. 8% ಅಂದರೆ ₹21 ಲಕ್ಷ. ಅದರ ಮೇಲೆ 18% ಜಿಎಸ್‌ಟಿ ಸೇರಿ ಸುಮಾರು ₹24.8 ಲಕ್ಷ.

ಆ ಜಿಎಸ್‌ಟಿ ವಾಪಸ್ ಸಿಗುತ್ತದೆ ಎಂದುಕೊಳ್ಳಬೇಡಿ. 2025ರ ಸೆಪ್ಟೆಂಬರ್ 22ರಿಂದ ₹7,500ರವರೆಗಿನ ರೂಮಿಗೆ ತೆರಿಗೆ 5%, ಆದರೆ ಇನ್‌ಪುಟ್ ಕ್ರೆಡಿಟ್ ಇಲ್ಲ, ಅಂದರೆ ನೀವು ಖರೀದಿಗೆ ಕೊಟ್ಟ ಜಿಎಸ್‌ಟಿಯನ್ನು ನೀವು ಸರ್ಕಾರಕ್ಕೆ ಕಟ್ಟುವ ತೆರಿಗೆಯಲ್ಲಿ ಮುರಿದುಕೊಳ್ಳುವಂತಿಲ್ಲ. ಮೊದಲು 12% ಇದ್ದಾಗ ಕ್ರೆಡಿಟ್ ತಗೊಳ್ಳಬಹುದಿತ್ತು. ಈಗ ಫೀ ಮೇಲಿನ ತೆರಿಗೆ, ಪಿಐಪಿಗೆ ಕೊಳ್ಳುವ ಸಾಮಾನಿನ ತೆರಿಗೆ ಎಲ್ಲವೂ ನಿಮ್ಮ ಖರ್ಚಿಗೇ ಸೇರುತ್ತದೆ. ಚೈನ್‌ನವರು ತೋರಿಸುವ ಹಳೆಯ ಎಕ್ಸೆಲ್ ಶೀಟ್‌ನಲ್ಲಿ ಇದು ಇದೆಯೋ ಇಲ್ಲವೋ ನೋಡಿ.

ಈಗ ಮುಖ್ಯವಾದ ಪ್ರಶ್ನೆ. ಆ ₹24.8 ಲಕ್ಷಕ್ಕೆ ಅವರ ಸ್ವಂತ ವೆಬ್‌ಸೈಟ್, ಆ್ಯಪ್, ಕಾಲ್ ಸೆಂಟರ್‌ನಿಂದ ಎಷ್ಟು ಗಿರಾಕಿ ಬರುತ್ತಾರೆ? 20% ಬಂದರೆ 1,752 ರೂಮ್ ನೈಟ್. ಒಂದೊಂದಕ್ಕೂ ನೀವು ಕೊಟ್ಟಿದ್ದು ಸುಮಾರು ₹1,400. ₹3,000 ರೂಮಿಗೆ! 40% ಬಂದರೆ ಅದು ₹700ಕ್ಕೆ ಇಳಿಯುತ್ತದೆ. ಆನ್‌ಲೈನ್ ಬುಕಿಂಗ್ ಸೈಟ್ 18% ಕಮಿಷನ್ ತಗೊಂಡರೆ ತೆರಿಗೆ ಸೇರಿ ₹640ರ ಹತ್ತಿರ ಆಗುತ್ತದೆ. ಹೋಲಿಸಿ ನೋಡಿ. ಫೀ ಮಾತ್ರ ಎಲ್ಲ ರೂಮಿನ ಆದಾಯದ ಮೇಲೂ ಹೋಗುತ್ತದೆ. ನಿಮ್ಮ ಅಪ್ಪನ ಗುರುತಿನಿಂದ ಬಂದ ಮದುವೆ ಪಾರ್ಟಿ ಮೇಲೂ.

ಆದರೆ ಬ್ರ್ಯಾಂಡ್ ಬಂದಿದ್ದರಿಂದ ಸರಾಸರಿ ಬಾಡಿಗೆ ₹2,600ರಿಂದ ₹3,000ಕ್ಕೆ ಏರಿತು ಎಂದಾದರೆ ವರ್ಷಕ್ಕೆ ₹35 ಲಕ್ಷ ಹೆಚ್ಚು ಬರುತ್ತದೆ. ಆಗ ಫೀ ಕಳೆದೂ ಉಳಿಯುತ್ತದೆ, ಪಿಐಪಿ ಸಾಲದ ಬಡ್ಡಿ ಅದರಲ್ಲಿ ತೀರುತ್ತದಾ ಎಂದು ಮಾತ್ರ ನೋಡಬೇಕು. ಶಿವಮೊಗ್ಗದಲ್ಲಿ ಆ ₹400 ಹೆಚ್ಚು ಕೊಡುವವರು ಯಾರು? ಇದಕ್ಕೆ ಉತ್ತರ ಚೈನ್‌ನವರಿಗಿಂತ ನಿಮಗೇ ಚೆನ್ನಾಗಿ ಗೊತ್ತಿರುತ್ತದೆ.

ಅಮೆರಿಕದ ಟೆಕ್ಸಾಸ್‌ನಿಂದ:

ನಾನು ಮೈಸೂರಿನವನು. ಇಲ್ಲಿ ಫ್ರಾಂಚೈಸಿ ಹೋಟೆಲ್‌ಗಳ ಮಾಲೀಕರೊಬ್ಬರ ಆಫೀಸಿನಲ್ಲಿ ಕೆಲಸ. ಈ ಪದ್ಧತಿ ಬೆಳೆದಿದ್ದೇ ಈ ದೇಶದಲ್ಲಿ. 1952ರಲ್ಲಿ ಮೆಂಫಿಸ್‌ನಲ್ಲಿ ಮೊದಲ ಹಾಲಿಡೇ ಇನ್ ತೆರೆದ ಕೆಮನ್ಸ್ ವಿಲ್ಸನ್, ದೇಶದ ಉದ್ದಗಲಕ್ಕೂ ಹೋಟೆಲ್ ಕಟ್ಟುವಷ್ಟು ದುಡ್ಡು ತನ್ನ ಬಳಿ ಇಲ್ಲದ್ದರಿಂದ ಊರೂರಿನ ಹೂಡಿಕೆದಾರರಿಗೆ ಹೆಸರು ಕೊಟ್ಟು ಬೆಳೆದರು. ಮ್ಯಾರಿಯಟ್ 1993ರಲ್ಲಿ ಎರಡು ಕಂಪನಿಯಾಗಿ ಒಡೆಯಿತು. ಕಟ್ಟಡಗಳೆಲ್ಲ ಒಂದು ಕಡೆ, ಹೆಸರು ಮತ್ತು ಮ್ಯಾನೇಜ್‌ಮೆಂಟ್ ಇನ್ನೊಂದು ಕಡೆ. ಹೆಸರಿನ ಕಡೆಯ ಕಂಪನಿಗೆ ಹೋಟೆಲ್ ಸಂಖ್ಯೆ ಹೆಚ್ಚಾದಷ್ಟೂ ಲಾಭ. ನಿಮಗೆ ನಿಮ್ಮ ಒಂದು ಹೋಟೆಲ್ ತುಂಬಬೇಕು. ಇಬ್ಬರ ಹಿತ ಯಾವಾಗಲೂ ಒಂದೇ ದಿಕ್ಕಿನಲ್ಲಿ ಇರುವುದಿಲ್ಲ.

ನಿಮಗೆ ನೇರ ಉಪಯೋಗಕ್ಕೆ ಬರುವ ವಿಷಯ ಇದು. ಇಲ್ಲಿನ ಕಾನೂನಿನ ಪ್ರಕಾರ ಸಹಿಗೆ ಕನಿಷ್ಠ 14 ದಿನ ಮೊದಲು ಚೈನ್‌ನವರು ಎಫ್‌ಡಿಡಿ (ಫ್ರಾಂಚೈಸ್ ಡಿಸ್‌ಕ್ಲೋಷರ್ ಡಾಕ್ಯುಮೆಂಟ್) ಎಂಬ ದಾಖಲೆ ಕೊಡಲೇಬೇಕು. ಅದರಲ್ಲಿ 23 ಅಧ್ಯಾಯ. ಎಲ್ಲ ಫೀಗಳ ಪಟ್ಟಿ, ಚೈನ್ ಮೇಲಿರುವ ಕೇಸುಗಳು, ಅದೇ ಊರಿನಲ್ಲಿ ಇನ್ನೊಬ್ಬರಿಗೆ ಬೋರ್ಡ್ ಕೊಡುತ್ತಾರಾ ಎಂಬುದು, ಬಿಡುವ ಷರತ್ತು ಎಲ್ಲ ಇರುತ್ತದೆ. 20ನೇ ಅಧ್ಯಾಯದಲ್ಲಿ ಹಿಂದಿನ ವರ್ಷ ಬಿಟ್ಟುಹೋದ ಮಾಲೀಕರ ಹೆಸರು, ಸಂಪರ್ಕ ಕೂಡ ಇರುತ್ತದೆ. ಭಾರತದಲ್ಲಿ ಫ್ರಾಂಚೈಸಿಗೆಂದೇ ಕಾನೂನಿಲ್ಲ, 1872ರ ಕಾಂಟ್ರಾಕ್ಟ್ ಆ್ಯಕ್ಟ್‌ನಲ್ಲೇ ನಡೆಯುತ್ತದೆ. ಆದರೆ ನಿಮ್ಮ ಹತ್ತಿರ ಬಂದಿರುವುದು ಅಮೆರಿಕದ ಬ್ರ್ಯಾಂಡ್ ಆಗಿದ್ದರೆ ಅದರ ಎಫ್‌ಡಿಡಿಯನ್ನು ಮಿನೆಸೋಟಾ, ವಿಸ್ಕಾನ್ಸಿನ್, ಕ್ಯಾಲಿಫೋರ್ನಿಯಾ ರಾಜ್ಯಗಳ ಸರ್ಕಾರಿ ವೆಬ್‌ಸೈಟ್‌ಗಳಲ್ಲಿ ಹುಡುಕಿ, ಪುಕ್ಕಟೆ ಸಿಗುತ್ತದೆ. ಭಾರತದ ಷರತ್ತು ಬೇರೆ ಇರಬಹುದು. ಆದರೂ ಯಾವ್ಯಾವ ಹೆಸರಿನಲ್ಲಿ ಫೀ ಕೇಳುತ್ತಾರೆ ಎಂದು ತಿಳಿಯಲು ಅದಕ್ಕಿಂತ ಒಳ್ಳೆಯ ಕಾಗದ ಇಲ್ಲ.

ಹುಬ್ಬಳ್ಳಿಯವರು ಹೇಳಿದ ಕಷ್ಟ ಇಲ್ಲಿನವರಿಗೂ ಚಿರಪರಿಚಿತ. ಭಾರತ ಮೂಲದ ಹೋಟೆಲ್ ಮಾಲೀಕರು 1989ರಲ್ಲಿ ಕಟ್ಟಿದ ಆಹೋವಾ ಎಂಬ ಸಂಘ, ನ್ಯಾಯವಾದ ಫ್ರಾಂಚೈಸಿ ಹೇಗಿರಬೇಕು ಎಂದು 12 ಅಂಶಗಳ ಪಟ್ಟಿ ಮಾಡಿದೆ. ಮಧ್ಯದಲ್ಲಿ ಬಿಟ್ಟರೆ ಕೊಡಬೇಕಾದ ಪರಿಹಾರ, ಪಕ್ಕದಲ್ಲೇ ಅದೇ ಗ್ರೂಪಿನ ಇನ್ನೊಂದು ಬೋರ್ಡ್ ಬರುವುದು, ಎರಡೂ ಅದರಲ್ಲಿವೆ. ವಕೀಲರ ಹತ್ತಿರ ಹೋಗುವಾಗ ಆ ಪಟ್ಟಿ ತಗೊಂಡು ಹೋಗಿ.

ಮಂಗಳೂರಿನಿಂದ:

ನಮಗೆ ಒಳ್ಳೆಯದೇ ಆಗಿದೆ. ನಾನು ಮತ್ತು ನಮ್ಮ ಯಜಮಾನರು ಹೊಸದಾಗಿ ಕಟ್ಟಿದವರು, ಈ ವ್ಯಾಪಾರ ಗೊತ್ತಿರಲಿಲ್ಲ. ಬ್ರ್ಯಾಂಡ್ ಇದೆ ಎಂದ ಮೇಲೆ ಬ್ಯಾಂಕಿನವರು ಪ್ರಾಜೆಕ್ಟ್ ರಿಪೋರ್ಟ್ ತೆರೆದು ನೋಡಿದರು. ಹೌಸ್‌ಕೀಪಿಂಗ್ ಹುಡುಗಿಯರಿಗೆ ಕೊಟ್ಟ ತರಬೇತಿ ನಿಜಕ್ಕೂ ಚೆನ್ನಾಗಿತ್ತು. ಬಂದರು, ರಿಫೈನರಿ ಕೆಲಸಕ್ಕೆ ಬರುವವರಿಗೆ ಅವರ ಕಂಪನಿ ಇಂಥ ಹೋಟೆಲ್‌ನಲ್ಲೇ ಇರಬೇಕೆಂದು ಹೇಳಿರುತ್ತದೆ. ಆ ಪಟ್ಟಿಗೆ ಸುಮ್ನೆ ನಾವೇ ಹೋಗಿ ಕೇಳಿದರೆ ಸೇರಿಸಿಕೊಳ್ಳುತ್ತಿರಲಿಲ್ಲ. ಆದರೆ ನಿಮ್ಮ ಹಾಗೆ ಆಗಲೇ ಊರಲ್ಲಿ ಹೆಸರು ಇರುವವರಿಗೆ ಇಷ್ಟೇ ಲಾಭ ಆಗುತ್ತದಾ, ಹೇಳಲಾರೆ.

ಬೆಂಗಳೂರಿನಿಂದ, ಚೈನ್ ಒಂದರ ಡೆವಲಪ್‌ಮೆಂಟ್ ವಿಭಾಗದಲ್ಲಿ (ಹೊಸ ಹೋಟೆಲ್‌ಗಳನ್ನು ಚೈನ್‌ಗೆ ಸೇರಿಸುವ ವಿಭಾಗ) ಇದ್ದವರು:

ಎದುರು ಪಕ್ಷದಲ್ಲಿ ಕೂತು ಕೆಲಸ ಮಾಡಿದ್ದೇನೆ. ಸ್ವಲ್ಪ ಹೇಳುತ್ತೇನೆ.

ಬೆಂಗಳೂರಿನಲ್ಲಿ ವಿದೇಶಿ ಹೆಸರಿನ ಹೋಟೆಲ್‌ಗಳು ಬಹುಪಾಲು ಇಲ್ಲಿನ ಬಿಲ್ಡರ್‌ಗಳದ್ದೇ. ಬ್ರಿಗೇಡ್ ಗೇಟ್‌ವೇಯ ಶೆರಟನ್ ಬ್ರಿಗೇಡ್‌ನದ್ದು, ಗಾಲ್ಫ್‌ಶೈರ್‌ನ ಜೆಡಬ್ಲ್ಯು ಮ್ಯಾರಿಯಟ್ ಪ್ರೆಸ್ಟೀಜ್‌ನದ್ದು. ಆದರೆ ಭಾರತದಲ್ಲಿ ಚೈನ್‌ಗಳು ಬಹಳ ಕಾಲ ಮ್ಯಾನೇಜ್‌ಮೆಂಟ್ ಕಾಂಟ್ರಾಕ್ಟ್ ಅನ್ನೇ ಹಿಡಿದುಕೊಂಡಿದ್ದವು. ಮಾಲೀಕರ ಕೈಗೆ ಬಿಟ್ಟರೆ ಗುಣಮಟ್ಟ ಕೆಡುತ್ತದೆ ಎಂಬ ಭಯ. ಈಗ ಸಣ್ಣ ಊರುಗಳಿಗೆ ಹೋಗಬೇಕು, 40 ರೂಮಿನ ಹೋಟೆಲ್‌ಗೆ ತಮ್ಮ ಮ್ಯಾನೇಜರ್ ಕಳಿಸಿದರೆ ಅವರಿಗೆ ಗಿಟ್ಟುವುದಿಲ್ಲ. ಅದಕ್ಕೇ ಫ್ರಾಂಚೈಸಿ ಜಾಸ್ತಿ ಆಗುತ್ತಿದೆ. ಸಗಟು ಒಪ್ಪಂದಗಳೂ ಬರುತ್ತಿವೆ. 2024ರಲ್ಲಿ ಹಿಲ್ಟನ್ ತನ್ನ ಸ್ಪಾರ್ಕ್ ಬ್ರ್ಯಾಂಡಿನ 150 ಹೋಟೆಲ್‌ಗಳಿಗೆ ಎಂಬೆಸಿ ಗ್ರೂಪ್ ಜೊತೆ ಒಪ್ಪಂದ ಮಾಡಿಕೊಂಡಿತು. 2025ರಲ್ಲಿ ಮ್ಯಾರಿಯಟ್, ಫರ್ನ್ ಹೋಟೆಲ್‌ಗಳ ಕಂಪನಿಯ ಜೊತೆ ಕೈಜೋಡಿಸಿತು.

ಇದರಿಂದ ನಿಮಗೇನು? ನಿಮ್ಮಂಥ ಊರು ಈಗ ಅವರಿಗೆ ಬೇಕಾಗಿದೆ. ಶುರುವಿನ ಜಾಯ್ನಿಂಗ್ ಫೀ, ಮೊದಲ ಎರಡು ಮೂರು ವರ್ಷದ ರಾಯಲ್ಟಿ (ಹೆಸರು ಬಳಸುವುದಕ್ಕೆ ಕೊಡುವ ಫೀ), ಪಿಐಪಿಯ ಗಡುವು, ಈ ಮೂರರಲ್ಲಿ ಜಗ್ಗಾಡಲು ಜಾಗ ಇದೆ. ಬುಕಿಂಗ್ ವ್ಯವಸ್ಥೆಯ ಫೀ ಕಡಿಮೆ ಮಾಡಿ ಎಂದರೆ ಸಾಮಾನ್ಯವಾಗಿ ಒಪ್ಪುವುದಿಲ್ಲ, ಅಲ್ಲಿ ಸಮಯ ಹಾಳು ಮಾಡಬೇಡಿ. ಮತ್ತೆ, ನಿಮ್ಮದೇ ಗಾತ್ರದ ಊರುಗಳಲ್ಲಿ ಅವರ ಬೋರ್ಡ್ ಹಾಕಿರುವ ನಾಲ್ಕೈದು ಮಾಲೀಕರ ನಂಬರ್ ಕೇಳಿ. ಅವರು ಕೊಟ್ಟವರ ಜೊತೆಗೆ ಕೊಡದೇ ಇದ್ದ ಒಬ್ಬರನ್ನಾದರೂ ನೀವೇ ಹುಡುಕಿ ಹೋಗಿ ಮಾತಾಡಿಸಿ.

ಶಿವಮೊಗ್ಗದವರು ಮತ್ತೆ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಲೆಕ್ಕ ಅಪ್ಪನಿಗೂ ತಮ್ಮನಿಗೂ ಓದಿ ಹೇಳಿದೆ. ಹುಬ್ಬಳ್ಳಿ ಸರ್, ನೀವು ಹೊರಗೆ ಬಂದಿದ್ದು ಹೇಗೆ? ಪರಿಹಾರ ಕಟ್ಟಬೇಕಾಯಿತಾ?

ಹುಬ್ಬಳ್ಳಿಯಿಂದ:

ಕಟ್ಟಬೇಕಾಗಲಿಲ್ಲ. ಐದನೇ ವರ್ಷದ ಕೊನೆಗೆ ಎರಡೂ ಕಡೆಯವರು ದಂಡವಿಲ್ಲದೆ ಬಿಡಬಹುದು ಎಂದು ನಮ್ಮ ವಕೀಲರು ಮೊದಲೇ ಸೇರಿಸಿದ್ದರು. ಒಂದು ವರ್ಷ ಮುಂಚೆ ನೋಟಿಸ್ ಕೊಡಬೇಕಿತ್ತು, ಕೊಟ್ಟೆವು. ಈ ಷರತ್ತು ಇಲ್ಲದಿದ್ದರೆ ಸಾಮಾನ್ಯವಾಗಿ ಹಿಂದಿನ ಎರಡು ಮೂರು ವರ್ಷದ ಫೀ ಲೆಕ್ಕದಲ್ಲಿ ಪರಿಹಾರ ಕೇಳುತ್ತಾರೆ. 15 ವರ್ಷದ ಅಗ್ರಿಮೆಂಟ್‌ಗೆ 5ನೇ ಮತ್ತು 10ನೇ ವರ್ಷ ಎರಡು ಕಡೆ ಬಾಗಿಲು ಇಡಿಸಿ. ಅವರ ಗಿರಾಕಿ ಇಷ್ಟು ಶೇಕಡಾಕ್ಕಿಂತ ಕಡಿಮೆ ಬಂದರೆ ಯಾವಾಗ ಬೇಕಾದರೂ ಬಿಡಬಹುದು ಎಂದೂ ಕೇಳಿ. ಒಪ್ಪುವುದು ಕಷ್ಟ, ಆದರೆ ಕೇಳಿದಾಗ ಅವರು ಕೊಡುವ ಉತ್ತರದಿಂದ ಅವರಿಗೆ ತಮ್ಮ ಬುಕಿಂಗ್ ಮೇಲೆ ಎಷ್ಟು ನಂಬಿಕೆ ಇದೆ ಎಂದು ಗೊತ್ತಾಗುತ್ತದೆ. ಬೋರ್ಡ್ ಇಳಿಸುವ ಖರ್ಚು ಯಾರದ್ದು, ಗಿರಾಕಿಗಳ ಫೋನ್ ನಂಬರ್ ಪಟ್ಟಿ ಯಾರ ಹತ್ತಿರ ಉಳಿಯುತ್ತದೆ ಎಂಬುದನ್ನೂ ಬರೆಸಿ. ಆ ಪಟ್ಟಿಗೋಸ್ಕರ ನಾವು ಆರು ತಿಂಗಳು ಪತ್ರ ಬರೆದೆವು. ಡ್ರಾಫ್ಟ್ ಬಂದ ಮೇಲೆ ಬೇಕಿದ್ದರೆ ನಮ್ಮ ವಕೀಲರ ನಂಬರ್ ಕೊಡುತ್ತೇನೆ, ಕೇಳಿ.