ಅಲಸಂಡೆಯ ಗುಲಗಂಜಿ ಹುಳು ಟೊಮೆಟೊದಲ್ಲಿ ಯಾಕೆ ನಿಲ್ಲುವುದಿಲ್ಲ?

ಅಂಬಲಪಾಡಿಯಿಂದ:
ಮನೆ ಹಿಂದೆ ಅಲಸಂಡೆ ಚಪ್ಪರ ಇದೆ. ಕುಡಿ ತುಂಬಾ ಕರಿ ಹೇನು. ಅದನ್ನು ತಿನ್ನಲು ಗುಲಗಂಜಿ ಹುಳುಗಳೂ ಬಂದಿವೆ. ಪಕ್ಕದ ಟೊಮೆಟೊಗೆ ಹಸಿರು ಹೇನು ಹತ್ತಿದೆ, ಅಲ್ಲಿ ಒಂದು ಹುಳುವೂ ಇಲ್ಲ. 20 ಹುಳು ಹಿಡಿದು ಬಿಟ್ಟೆ, ಮರುದಿನ ಎಲ್ಲ ಮಾಯ. ಮರಿಗಳನ್ನು ಬಿಟ್ಟೆ, ಅವೂ ಎರಡೇ ದಿನದಲ್ಲಿ ಕಾಣೆಯಾದವು. ವಿಷ ಹೊಡೆಯಲು ಮನಸ್ಸಿಲ್ಲ. ಯಾರಿಗಾದರೂ ಅನುಭವ ಇದೆಯಾ?

ಕಟಪಾಡಿಯಿಂದ:
ಅಕ್ಕ, ರೆಕ್ಕೆ ಬಂದ ಹುಳುವನ್ನು ಹಿಡಿದು ಬಿಟ್ಟರೆ ಹಾರಿಹೋಗುವುದೇ ಜಾಸ್ತಿ. ಮರಿಗಳ ಕಷ್ಟ ಬೇರೆ. ಟೊಮೆಟೊ ದಂಟು ಮುಟ್ಟಿದರೆ ಕೈಗೆ ಅಂಟು, ವಾಸನೆ ಹತ್ತುತ್ತದೆ ಅಲ್ವಾ? ಗಿಡದ ಮೈಮೇಲಿರುವ ಸಣ್ಣ ಕೂದಲಿನ ತುದಿಯಲ್ಲಿ ಆ ಅಂಟು ಇರುತ್ತದೆ. ಭೂತಗನ್ನಡಿ ಹಿಡಿದು ನೋಡಿದ್ದೇನೆ. ಒಂದು ಪುಟ್ಟ ಮರಿ ಬೆರಳಗಲ ದಾಟಲು ಒದ್ದಾಡಿತು. ಒಂದು ಕಾಲು ಬಿಡಿಸಿಕೊಂಡರೆ ಇನ್ನೊಂದು ಅಂಟುತ್ತಿತ್ತು. ಕೊನೆಗೆ ಮಣ್ಣಿಗೆ ಬಿತ್ತು. ನೋಡಿ ಪಾಪ ಅನಿಸಿತು.

ಅಲಸಂಡೆಯಲ್ಲಿ ಹಾಗಿಲ್ಲ. ಎಲೆಯಲ್ಲಿ ಓಡಾಡುವುದು ಸುಲಭ. ಹೇನೂ ಕುಡಿ, ಹೂದಂಟು, ಎಳೆ ಕೋಡಿನ ಮೇಲೆ ಒಂದೇ ಕಡೆ ಗುಂಪಾಗಿರುತ್ತದೆ, ಹುಡುಕಬೇಕಾಗಿಲ್ಲ. ಹೂದಂಟಿನ ಮೇಲೆ, ಹೂವಿನ ಹೊರಗೇ, ಸಿಹಿ ರಸ ಒಸರುತ್ತದೆ. ಹೇನು ಕಡಿಮೆಯಾದ ದಿನ ಹುಳುವಿಗೆ ಅದೂ ಆಧಾರ. ಏಣೆಲು, ಅಂದರೆ ಮಳೆಗಾಲದ ಭತ್ತ, ಕೊಯ್ದ ಗದ್ದೆಯಲ್ಲಿ ನಾವು ಅಲಸಂಡೆ ಹಾಕಿದ ವರ್ಷ ಗುಲಗಂಜಿ ಹುಳು ತಾನಾಗಿಯೇ ಬರುತ್ತದೆ, ಕರೆಯಬೇಕಾಗಿಲ್ಲ.

ತೊಂದರೆ ಇರುವೆಯದ್ದು. ಹೇನಿನ ಸಿಹಿನೀರಿಗೋಸ್ಕರ ಇರುವೆ ಕಾವಲು ನಿಲ್ಲುತ್ತದೆ, ಗುಲಗಂಜಿಯನ್ನು ಕಚ್ಚಿ ಓಡಿಸುತ್ತದೆ. ಚಪ್ಪರದ ಕಂಬಕ್ಕೆ ಬಟ್ಟೆ ಸುತ್ತಿ ಗ್ರೀಸ್ ಹಚ್ಚಿ. ನನಗೆ ಇದರಿಂದ ಆದಷ್ಟು ಉಪಕಾರ ಬೇರೆ ಯಾವುದರಿಂದಲೂ ಆಗಿಲ್ಲ.

ಸುರತ್ಕಲ್‌ನಿಂದ:
ಎಲೆ ಮಾತ್ರ ಅಲ್ಲ, ಹೇನು ಯಾವ ಗಿಡದ ರಸ ಕುಡಿದಿದೆ ಎನ್ನುವುದೂ ಮುಖ್ಯ. ನಮ್ಮಲ್ಲಿ ರಸ್ತೆ ಬದಿಯ ಎಕ್ಕದ ಗಿಡದಲ್ಲಿ ಹಳದಿ ಹೇನು ರಾಶಿ ಇತ್ತು. ಗುಲಗಂಜಿ ಮರಿಗಳಿಗೆ ಒಳ್ಳೆ ಊಟ ಅಂದುಕೊಂಡು ಡಬ್ಬಿಯಲ್ಲಿ ಹಾಕಿ ಸಾಕಿದೆ. ಅಲಸಂಡೆ ಹೇನು ತಿಂದವು ದಪ್ಪವಾಗಿ ಕೋಶಕ್ಕೆ (ರೆಕ್ಕೆ ಬರುವ ಮುಂಚೆ ಅಲುಗಾಡದೆ ಇರುವ ಹಂತ) ಹೋದವು. ಎಕ್ಕದ ಹೇನು ಕೊಟ್ಟವು ಸೊರಗಿದವು, ಕೆಲವು ಸತ್ತವು. ಎಕ್ಕ, ಕಣಗಿಲೆಯ ಹಾಲಿನಲ್ಲಿರುವ ವಿಷವನ್ನು ಆ ಹೇನು ತನ್ನ ಮೈಯಲ್ಲಿ ಇಟ್ಟುಕೊಳ್ಳುತ್ತದೆ. ಹೇನಿಗೆ ಅದೇ ರಕ್ಷಣೆ. ಸಾಸಿವೆ, ಕೋಸಿನ ಮೇಲೆ ಬರುವ ಬೂದು ಹೇನು ಕೂಡ ಹಾಗೆಯೇ, ಸಾಸಿವೆಯ ಘಾಟಿನ ಅಂಶವನ್ನು ಕೂಡಿಟ್ಟುಕೊಳ್ಳುತ್ತದೆ.

ಇನ್ನೊಂದು ಓದಿದ್ದೆ. ಅಲಸಂಡೆಗೆ ಬರುವ ಇದೇ ಕರಿ ಹೇನು ರೊಬಿನಿಯಾ ಎಂಬ ಮರದ ಮೇಲೆ ಬೆಳೆದರೆ, ಹಾರ್ಮೋನಿಯಾ ಜಾತಿಯ ಗುಲಗಂಜಿ ಮರಿಗಳಿಗೆ ಆಗಿಬರುವುದಿಲ್ಲ. ಹೇನು ಒಂದೇ, ಗಿಡ ಬೇರೆ! ಹಾಗಾಗಿ ಸಿಕ್ಕ ಸಿಕ್ಕ ಗಿಡದ ಹೇನು ತಂದು ಹಾಕಬೇಡಿ.

ಮಟ್ಟುವಿನಿಂದ:
ಹಿಡಿದು ತರುವ ಮೊದಲು ಹುಳುವನ್ನು ಸರಿಯಾಗಿ ನೋಡಿ ಮಾರಾಯ್ರೆ. ನಮ್ಮ ಗುಳ್ಳದ (ಮಟ್ಟುವಿನ ಬದನೆ) ಗಿಡದಲ್ಲೂ ಗುಲಗಂಜಿಯ ಹಾಗೆಯೇ ಕಾಣುವ ಒಂದು ಹುಳು ಇದೆ. ಮೈಮೇಲೆ 28ರವರೆಗೆ ಚುಕ್ಕಿ, ಹೊಳಪಿಲ್ಲ, ಸಣ್ಣ ರೋಮ. ಅದು ಹೇನು ತಿನ್ನುವುದಿಲ್ಲ, ಎಲೆಯನ್ನೇ ಕೆರೆದು ಜರಡಿ ಮಾಡುತ್ತದೆ. ಅದರ ಮರಿಯ ಮೈಯೆಲ್ಲ ಕವಲು ಮುಳ್ಳು. ಹೇನು ತಿನ್ನುವ ಹುಳುವಿನ ಮರಿ ಉದ್ದಕ್ಕೆ, ಕಪ್ಪಗೆ, ಪುಟ್ಟ ಮೊಸಳೆಯ ಹಾಗೆ ಇರುತ್ತದೆ. ಸುಮ್ನೆ ಹೆದರಿ ಅದನ್ನು ಹೊಸಕಿ ಹಾಕುವವರೇ ಜಾಸ್ತಿ.

ಕದ್ರಿಯಿಂದ:
ಟೊಮೆಟೊಗೆ ಬೆಳಿಗ್ಗೆ ಪೈಪಿನಲ್ಲಿ ಜೋರಾಗಿ ನೀರು ಹಾಯಿಸಿ, ಎಲೆಯ ಅಡಿಗೆ. ಮೂರು ದಿನಕ್ಕೊಮ್ಮೆ ಸಾಕು. ಯೂರಿಯಾ ಹಾಕುತ್ತಿದ್ದರೆ ನಿಲ್ಲಿಸಿ. ಮೆತ್ತಗಿನ ಕುಡಿ ಬಂದಷ್ಟೂ ಹೇನು.

ಅಂಬಲಪಾಡಿಯಿಂದ:
ಎಲ್ಲರಿಗೂ ತುಂಬಾ ಧನ್ಯವಾದ. ಕಂಬಕ್ಕೆ ಗ್ರೀಸ್ ಬಟ್ಟೆ ಕಟ್ಟಿ ಹತ್ತು ದಿನ ಆಯಿತು. ಅಲಸಂಡೆ ಎಲೆಯ ಅಡಿಯಲ್ಲಿ ನೆಟ್ಟಗೆ ನಿಂತ ಹಳದಿ ಮೊಟ್ಟೆಗಳ ಗುಂಪು ನಾಲ್ಕು ಕಡೆ ಸಿಕ್ಕಿದೆ. ಟೊಮೆಟೊಗೆ ಬರೀ ನೀರು. ಅಲ್ಲಿಗೆ ಇನ್ನು ಮರಿ ಬಿಡುವುದಿಲ್ಲ. ಅಲಸಂಡೆಯ ಕೊನೆಯ ಸಾಲನ್ನು ಕೊಯ್ಲು ಮುಗಿದ ಮೇಲೂ ಕೀಳದೆ ಬಿಟ್ಟಿದ್ದೇನೆ, ಅದರಲ್ಲಿರುವ ಗುಲಗಂಜಿಯ ಕೋಶಗಳು ಇನ್ನೂ ಒಡೆದಿಲ್ಲ.