ಎಂ.ಎ. ಅರ್ಥಶಾಸ್ತ್ರದವರಿಗೆ ಸರ್ಕಾರಿ ಇಂಟರ್ನ್‌ಶಿಪ್: ಅರ್ಜಿ ಹಾಕೋದು ಯಾವಾಗ?

ಪ್ರಶ್ನೆ: ಎಂ.ಎ. ಅರ್ಥಶಾಸ್ತ್ರ, ಮೊದಲ ಸೆಮಿಸ್ಟರ್. ಡಿಗ್ರಿಯಲ್ಲಿ 72 ಪರ್ಸೆಂಟ್. ಬೇಸಿಗೆಯಲ್ಲಿ ಆರ್‌ಬಿಐ ಅಥವಾ ನೀತಿ ಆಯೋಗದಲ್ಲಿ ಇಂಟರ್ನ್‌ಶಿಪ್ ಮಾಡುವ ಆಸೆ. ಸೀನಿಯರ್‌ಗಳು "ಎರಡನೇ ವರ್ಷದಲ್ಲಿ ನೋಡಿಕೊಂಡರಾಯಿತು" ಅಂತಾರೆ. ಕಾಯಬಹುದಾ ಮೇಡಂ?

ಉತ್ತರ: ಆರ್‌ಬಿಐ ಮಟ್ಟಿಗೆ ಖಂಡಿತ ಕಾಯಬೇಡಿ. ಅಲ್ಲಿ ಅರ್ಹತೆ ಇರೋದು ಕೋರ್ಸಿನ ಕೊನೆಯ ವರ್ಷಕ್ಕೆ ಹಿಂದಿನ ವರ್ಷದಲ್ಲಿ ಓದುತ್ತಿರುವವರಿಗೆ. ಎರಡು ವರ್ಷದ ಎಂ.ಎ.ಗೆ ಅದು ಮೊದಲ ವರ್ಷ. ಅರ್ಜಿ ಕಾಲ ಅಕ್ಟೋಬರ್ 15ರಿಂದ ಡಿಸೆಂಬರ್ 15. ಅಂದರೆ ಕ್ಲಾಸ್ ಶುರುವಾಗಿ ಕೆಲವೇ ತಿಂಗಳಲ್ಲಿ, ಮೊದಲ ಸೆಮಿಸ್ಟರ್ ರಿಸಲ್ಟ್ ಬರುವ ಮೊದಲೇ ಹಾಕಬೇಕು. ಎರಡನೇ ವರ್ಷಕ್ಕೆ ಕಾಲಿಟ್ಟರೆ ಆ ಬಾಗಿಲು ಮುಚ್ಚಿತು. ಪ್ರತಿವರ್ಷ ಒಳ್ಳೆಯ ವಿದ್ಯಾರ್ಥಿಗಳು ಅವಕಾಶ ಕಳೆದುಕೊಳ್ಳೋದು ಇಲ್ಲೇ, ಮಾರ್ಕ್ಸ್ ಕಡಿಮೆಯಾಗಿ ಅಲ್ಲ. ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಆಯ್ಕೆಯಾದವರಿಗೆ ಕೆಲಸ ಏಪ್ರಿಲ್‌ನಿಂದ ಜುಲೈ ನಡುವೆ, ಗರಿಷ್ಠ ಮೂರು ತಿಂಗಳು. ಸ್ಟೈಪೆಂಡ್ ಉಂಟು.

ನೀತಿ ಆಯೋಗದ ಲೆಕ್ಕ ಉಲ್ಟಾ. ಪಿ.ಜಿ.ಯವರು ಎರಡನೇ ಸೆಮಿಸ್ಟರ್ ಪರೀಕ್ಷೆ ಬರೆದಿರಬೇಕು, ಡಿಗ್ರಿಯಲ್ಲಿ ಕನಿಷ್ಠ 70 ಪರ್ಸೆಂಟ್ ಇರಬೇಕು. ನಿಮ್ಮ 72 ಸಾಕು. ಅರ್ಜಿ ಪ್ರತಿ ತಿಂಗಳು 1ರಿಂದ 10ರವರೆಗೆ ತೆರೆದಿರುತ್ತದೆ. ಅವಧಿ ಕನಿಷ್ಠ ಆರು ವಾರ, ಗರಿಷ್ಠ ಆರು ತಿಂಗಳು. ಸಂಬಳ, ಸ್ಟೈಪೆಂಡ್ ಏನೂ ಇಲ್ಲ, ಲ್ಯಾಪ್‌ಟಾಪ್ ನಿಮ್ಮದೇ ಇರಬೇಕು. ಒಂದು ಆರ್ಥಿಕ ವರ್ಷದಲ್ಲಿ ಒಂದೇ ಸಲ ಅರ್ಜಿ ಹಾಕಬಹುದು, ಹಾಗಾಗಿ "ಟ್ರೈ ಮಾಡೋಣ" ಅಂತ ಅರೆಬರೆ ತುಂಬಿ ಆ ಒಂದು ಅವಕಾಶ ಹಾಳು ಮಾಡಿಕೊಳ್ಳಬೇಡಿ.

ಹಾಗಾಗಿ ಈಗ ಆರ್‌ಬಿಐ, ಎರಡನೇ ಸೆಮಿಸ್ಟರ್ ಮುಗಿದ ಮೇಲೆ ನೀತಿ ಆಯೋಗ.

ಪ್ರಶ್ನೆ: ಬಯೋಡೇಟಾದಲ್ಲಿ ತೋರಿಸೋಕೆ ಪ್ರಾಜೆಕ್ಟ್ ಒಂದೂ ಇಲ್ಲ. ಏನು ಮಾಡಲಿ?

ಉತ್ತರ: "ಸ್ಟೇಟಾ, ಆರ್ (ಅಂಕಿಅಂಶ ವಿಶ್ಲೇಷಣೆಯ ಸಾಫ್ಟ್‌ವೇರ್‌ಗಳು) ಗೊತ್ತು" ಅಂತ ಎಲ್ಲರೂ ಬರೀತಾರೆ. ಅದರ ಬದಲು ಒಂದು ಲೆಕ್ಕ ಮಾಡಿ ತೋರಿಸಿ. ಕೇಂದ್ರ ಸಾಂಖ್ಯಿಕ ಸಚಿವಾಲಯದ ಮೈಕ್ರೋಡೇಟಾ ತಾಣದಲ್ಲಿ ನೋಂದಾಯಿಸಿಕೊಂಡರೆ ಪಿಎಲ್‌ಎಫ್‌ಎಸ್, ಅಂದರೆ ಕಾರ್ಮಿಕ ಸಮೀಕ್ಷೆಯ ಕಚ್ಚಾ ದತ್ತಾಂಶ ಉಚಿತವಾಗಿ ಸಿಗುತ್ತದೆ. 2023-24ರದ್ದು ತಗೊಳ್ಳಿ. 15 ವರ್ಷ ಮತ್ತು ಮೇಲ್ಪಟ್ಟವರ ನಿರುದ್ಯೋಗ ದರ ವರದಿಯಲ್ಲಿ 3.2 ಪರ್ಸೆಂಟ್. ಅದೇ ಅಂಕಿ ನಿಮ್ಮ ಕೈಯಲ್ಲೂ ಬರಬೇಕು.

ಮೊದಲ ಸಲ ಬರೋದಿಲ್ಲ. ಸಾಮಾನ್ಯವಾಗಿ ಎರಡು ಕಡೆ ಎಡವುತ್ತಾರೆ. ಒಂದು, ಮಲ್ಟಿಪ್ಲೈಯರ್, ಅಂದರೆ ಸಮೀಕ್ಷೆಯ ಒಬ್ಬರು ಎಷ್ಟು ಜನರ ಪರವಾಗಿ ನಿಲ್ಲುತ್ತಾರೆ ಅನ್ನೋ ಅಂಕಿ. ದತ್ತಾಂಶದ ಫೈಲಿನಲ್ಲಿ ಎನ್‌ಎಸ್‌ಎಸ್ (NSS), ಎನ್‌ಎಸ್‌ಸಿ (NSC) ಎಂಬ ಎರಡು ಕಾಲಂಗಳ ಬೆಲೆ ಒಂದೇ ಇದ್ದರೆ ಮಲ್ಟಿಪ್ಲೈಯರನ್ನು 100ರಿಂದ, ಇಲ್ಲದಿದ್ದರೆ 200ರಿಂದ ಭಾಗಿಸಬೇಕು. ವಾರ್ಷಿಕ ಅಂದಾಜಿಗೆ ತ್ರೈಮಾಸಿಕಗಳ ಸಂಖ್ಯೆಯಿಂದ ಮತ್ತೆ ಭಾಗಿಸಬೇಕು. ಇನ್ನೊಂದು, ಪೂರಕ ಚಟುವಟಿಕೆ, ಅಂದರೆ ಮುಖ್ಯ ಚಟುವಟಿಕೆಯ ಜೊತೆಗೆ ಮಾಡುವ ಇನ್ನೊಂದು ಕೆಲಸ. ಒಬ್ಬ ಮಹಿಳೆಯ ಮುಖ್ಯ ಚಟುವಟಿಕೆ ಕೋಡ್ 92, ಅಂದರೆ ಮನೆಗೆಲಸ ಅಂತಿರಬಹುದು. ಪೂರಕದಲ್ಲಿ 21 ಇದ್ದರೆ, ಅಂದರೆ ಮನೆಯವರದೇ ಹೊಲದಲ್ಲೋ ಅಂಗಡಿಯಲ್ಲೋ ಕೂಲಿಯಿಲ್ಲದೆ ದುಡಿಯುತ್ತಿದ್ದರೆ, ಆಕೆ ದುಡಿಯುವವರ ಲೆಕ್ಕಕ್ಕೆ ಸೇರುತ್ತಾಳೆ. ಪೂರಕದ ಕಾಲಂ ಬಿಟ್ಟರೆ ಹಳ್ಳಿ ಹೆಣ್ಣುಮಕ್ಕಳ ದುಡಿಮೆಯೇ ಕಣ್ಮರೆ. ಇದನ್ನು ಸಂದರ್ಶನದಲ್ಲಿ ನಿಮ್ಮ ಮಾತಲ್ಲಿ ವಿವರಿಸಿದರೆ, ಡೇಟಾ ಮುಟ್ಟಿ ನೋಡಿದವರು ಅಂತ ಕೇಳುವವರಿಗೆ ತಿಳಿದುಬಿಡುತ್ತದೆ.

ಪ್ರಶ್ನೆ: ಆರ್‌ಬಿಐ ಸಂದರ್ಶನಕ್ಕೆ ಯಾವ ಪುಸ್ತಕ ಓದಲಿ?

ಉತ್ತರ: ಪುಸ್ತಕಕ್ಕಿಂತ ಇತ್ತೀಚಿನ ಹಣಕಾಸು ನೀತಿ ಹೇಳಿಕೆ ಓದಿ. ಹಳೆಯ ನೋಟ್ಸ್ ನಂಬಿದವರು ದರ ಕಾರಿಡಾರಿನ (ಆರ್‌ಬಿಐ ಅಲ್ಪಾವಧಿ ಬಡ್ಡಿದರಗಳನ್ನು ಹಿಡಿದಿಡುವ ಪಟ್ಟಿಯ) ತಳ ರಿವರ್ಸ್ ರೆಪೋ, ಅಂದರೆ ಬ್ಯಾಂಕುಗಳಿಂದ ಆರ್‌ಬಿಐ ಹಣ ಪಡೆಯುವ ಹಳೆಯ ದರ, ಅಂದುಬಿಡುತ್ತಾರೆ. ಏಪ್ರಿಲ್ 2022ರಿಂದ ಆ ಜಾಗದಲ್ಲಿ ಎಸ್‌ಡಿಎಫ್ (ಬ್ಯಾಂಕುಗಳು ಆರ್‌ಬಿಐಯಲ್ಲಿ ಹಣ ಇಡುವ ಸ್ಥಾಯಿ ಠೇವಣಿ ಸೌಲಭ್ಯ) ಇದೆ, ರೆಪೋಗಿಂತ (ಆರ್‌ಬಿಐ ಬ್ಯಾಂಕುಗಳಿಗೆ ಸಾಲ ಕೊಡುವ ದರ) 0.25 ಪರ್ಸೆಂಟ್ ಕೆಳಗೆ. ಮೇಲ್ಭಾಗದಲ್ಲಿ ಎಂಎಸ್‌ಎಫ್ (ಬ್ಯಾಂಕುಗಳು ತುರ್ತಿಗೆ ಆರ್‌ಬಿಐಯಿಂದ ಸಾಲ ಪಡೆಯುವ ಸೌಲಭ್ಯ), 0.25 ಪರ್ಸೆಂಟ್ ಮೇಲೆ. ಹಣದುಬ್ಬರದ ಗುರಿ 4 ಪರ್ಸೆಂಟ್, ಆಚೆ ಈಚೆ 2. ಇಷ್ಟು ತಡವರಿಸದೆ ಬರಬೇಕು.

ಇನ್ನೊಬ್ಬರ ಉತ್ತರ: ಮೇಡಂ ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಕಾಲೇಜಿನ ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನೋ ಪತ್ರ) ಕೊನೇ ಗಳಿಗೆಗೆ ಬಿಡಬೇಡಿ. ಲೆಟರ್‌ಹೆಡ್, ಸಹಿ, ಸೀಲು, ನೀವು ಓದುತ್ತಿರುವ ಸೆಮಿಸ್ಟರ್, ಇಂಟರ್ನ್‌ಶಿಪ್ ಶುರು ಮತ್ತು ಮುಗಿಯುವ ದಿನಾಂಕ ಎಲ್ಲವೂ ಅದರಲ್ಲಿರಲಿ. ದಿನಾಂಕ ಬರೆಸುವ ಮುಂಚೆ ಪರೀಕ್ಷಾ ವೇಳಾಪಟ್ಟಿ ವಿಚಾರಿಸಿ. ಪರೀಕ್ಷೆ ಮುಂದಕ್ಕೆ ಹೋಗಿ ಇಂಟರ್ನ್‌ಶಿಪ್ ನಡುವೆ ಬಂದರೆ ಹಾಜರಿಗೆ ಪೆಟ್ಟು. ನೀತಿ ಆಯೋಗದಲ್ಲಿ 75 ಪರ್ಸೆಂಟ್ ಹಾಜರಿ ಇಲ್ಲದಿದ್ದರೆ ಸರ್ಟಿಫಿಕೇಟ್ ಸಿಗೋದಿಲ್ಲ.